ಕೊಕ್ಕೆಯ ಅಂಚು

ಆ ಗುರುವಾರ ಬೆಳಿಗ್ಗೆ ವಾರೆನ್ ಊರಿನ ಮೇಲೆ ಬೀಳುತ್ತಿದ್ದದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ. ನೀರಾಗಿ ಇಳಿದು, ಮುಟ್ಟಿದ ಕಡೆಯೆಲ್ಲ ಗಾಜಾಗುತ್ತಿತ್ತು. ವಿದ್ಯುತ್ ತಂತಿಗಳ ಮೇಲೆ, ಕಾರುಗಳ ಹಿಡಿಕೆಗಳ ಮೇಲೆ, ಎದುರುಮನೆಯ ಮುದುಕಿ ಒಳಗಿಡಲು ಮರೆತ ಕುಂಬಳಕಾಯಿಯ ಮೇಲೆ ಒಂದೇ ಸಮನೆ ತೆಳ್ಳನೆಯ ಕನ್ನಡಿ ಕೂತಿತ್ತು. ರೇಡಿಯೋದವನು ಇಪ್ಪತ್ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಎಂದ. ಸಾವಿರದ ಒಂಬೈನೂರ ಎಪ್ಪತ್ನಾಲ್ಕನೆಯ ಇಸವಿ, ನವೆಂಬರ್ ಹದಿನಾಲ್ಕು. ಬೆಳಗಾದರೆ ಮಿಶಿಗನ್ನಿನಲ್ಲಿ ಜಿಂಕೆ ಬೇಟೆಯ ಮೊದಲ ದಿನ.

ಶಿವಬಸಪ್ಪ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗಿನ ಮರದ ಮೆಟ್ಟಿಲು ಇಳಿಯತೊಡಗಿದ. ಎದೆಯ ಮೇಲೆ ಅಜ್ಜನ ಕಾಲದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಗದಗಿನಲ್ಲಿ ಅವ್ವ ಪ್ರತಿ ಶಿವರಾತ್ರಿಗೆ ಆ ಕರಡಿಗೆಯನ್ನು ಬೂದಿ ಹಾಕಿ ತಿಕ್ಕಿ ಬೆಳಗುತ್ತಿದ್ದಳು. ಮೂವತ್ತು ವರುಷ ತಿಕ್ಕಿಸಿಕೊಂಡು ಮುಚ್ಚಳದ ಕೊಂಡಿ ಎಷ್ಟು ನುಣುಪಾಗಿತ್ತೆಂದರೆ, ಮೊದಲೆಲ್ಲ ಟಕ್ಕೆಂದು ಕೂರುತ್ತಿದ್ದದ್ದು ಈಗ ಸದ್ದೇ ಇಲ್ಲದೆ ಕೂರುತ್ತಿತ್ತು. ಶಿವಬಸಪ್ಪನಿಗೆ ಅದೊಂದು ಸೊಗಸಾಗಿ ಕಾಣುತ್ತಿತ್ತು.

ಮೂರನೆಯ ಮೆಟ್ಟಿಲಿಗೆ ಕಾಲು ಜಾರಿತು. ಬಲಭುಜ ಊರಿಕೊಂಡು ಕೆಳಗಿನವರೆಗೂ ಹೋದ. ಶಿವದಾರ ಕೋಟಿನಿಂದ ಹೊರಕ್ಕೆ ಚಿಮ್ಮಿ, ಕರಡಿಗೆ ಮೆಟ್ಟಿಲಿನ ಅಂಚಿಗೆ ಬಡಿಯಿತು. ಮುಚ್ಚಳ ತಾನಾಗಿ ತೆರೆದುಕೊಂಡಿತು. ಲಿಂಗ ಮಂಜಿನ ಮೇಲೆ ಒಂದು ಗೇಣು ಉರುಳಿ ನಿಂತಿತು.

ಅವನು ಮೊಣಕಾಲಲ್ಲೇ ಹೋಗಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಲಿಂಗ ಕೆಳಗೆ ಬಿದ್ದವರ ಕಥೆಗಳನ್ನು ಅಜ್ಜಿ ಸಂಜೆ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಆ ಕಥೆಗಳಲ್ಲಿ ಒಂದಾದರೂ ನೆಟ್ಟಗೆ ಮುಗಿದದ್ದು ಅವನಿಗೆ ನೆನಪಿರಲಿಲ್ಲ. ಆಮೇಲೆ ಕರಡಿಗೆಯನ್ನು ನೋಡಿದ. ಮುರಿದಿರಲಿಲ್ಲ. ಖಾಲಿ ಕರಡಿಗೆಯ ಮುಚ್ಚಳ ಒತ್ತಿದರೆ ಕೂತಿತು. ಉಗುರಿನಿಂದ ಎಳೆದರೆ ಬರಲಿಲ್ಲ. ಮೆಟ್ಟಿಲಿಗೆ ಮೆಲ್ಲಗೆ ಬಡಿದ. ತೆರೆಯಿತು. ಮತ್ತೆ ಮುಚ್ಚಿ ಬಡಿದ. ಮತ್ತೆ ತೆರೆಯಿತು.

ಮೂರನೆಯ ಸಲ ಬಡಿಯುವ ಅಗತ್ಯ ಬೀಳಲಿಲ್ಲ. ಅಷ್ಟು ಹೊತ್ತಿಗೆ ಅವನ ಜೀವ ನಾಲ್ಕು ಮೈಲಿ ಆಚೆ, ಸ್ಟ್ಯಾನ್ ವೊಯ್ಚಿಕ್‌ನ ಪಿಕಪ್ ಟ್ರಕ್ಕಿನಲ್ಲಿದ್ದ ರೈಫಲ್ಲಿನ ಹೊಟ್ಟೆಯೊಳಗೆ ಹೊಕ್ಕಿತ್ತು.

ಸ್ಟ್ಯಾನ್ ಯಾರೆಂದರೆ, ಟ್ವೆಲ್ವ್ ಮೈಲ್ ರೋಡಿನಲ್ಲಿ ಎಂಟು ಜನ ಕೆಲಸ ಮಾಡುವ ಒಂದು ಚಿಕ್ಕ ಗೇಜ್ ಶಾಪಿನ ಮಾಲೀಕ. ಮೋಟಾರು ಕಂಪನಿಗಳು ತಮ್ಮ ಅಳತೆಗೋಲುಗಳನ್ನು ಸರಿ ನೋಡಿಕೊಳ್ಳಲು ಬಳಸುವ ಉಕ್ಕಿನ ತುಂಡುಗಳು ಅಲ್ಲಿ ತಯಾರಾಗುತ್ತಿದ್ದವು. ಡೆಟ್ರಾಯಿಟ್‌ನಲ್ಲಿ ಎಂ.ಎಸ್. ಮುಗಿಸಿದ ಶಿವಬಸಪ್ಪ ಅಲ್ಲಿ ಆ ತುಂಡುಗಳ ಮುಖವನ್ನು ತಿಕ್ಕಿ ನಯ ಮಾಡುವ ಕೆಲಸಕ್ಕಿದ್ದ. ಅವನು ತಿಕ್ಕಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಜಾರಿಸಿ ಕೂರಿಸಿದರೆ ಅಂಟಿಲ್ಲದೆ ಅಂಟಿಕೊಳ್ಳುತ್ತಿದ್ದವು. ಸ್ಟ್ಯಾನ್ ಬಂದವರಿಗೆಲ್ಲ ಅದನ್ನು ತೋರಿಸಿ, "ಇದು ಶಿವನ ಕೈ," ಎನ್ನುತ್ತಿದ್ದ. ಉದ್ದ ಹೆಸರು ಹೇಳಲು ಬಾರದೆ ಅವನು ಶಿವ ಎಂದು ಕರೆಯುತ್ತಿದ್ದದ್ದು ಶಿವಬಸಪ್ಪನಿಗೆ ಹಿತವಾಗಿತ್ತು. ಏನೂ ತಿಳಿಯದ ಬಾಯಿಂದಲೂ ದಿನಕ್ಕೆ ನಲವತ್ತು ಸಲ ನಾಮ ಬರುತ್ತದಲ್ಲ ಎಂದುಕೊಳ್ಳುತ್ತಿದ್ದ.

ಆ ವರ್ಷ ಡೆಟ್ರಾಯಿಟ್ ಸುತ್ತ ಕೆಲಸಗಳು ಮಾಗಿದೆಲೆಯ ಹಾಗೆ ಉದುರುತ್ತಿದ್ದವು. ಸ್ಟ್ಯಾನ್ ಕೂಡ ಮೂವರನ್ನು ಮನೆಗೆ ಕಳಿಸಿದ್ದ. ಓದು ಮುಗಿದ ಮೇಲೆ ದುಡಿಯಲು ಸರಕಾರ ಕೊಟ್ಟಿದ್ದ ಶಿವಬಸಪ್ಪನ ಟ್ರೇನಿಂಗ್ ಅವಧಿ ಜನವರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ, ಈ ಕೆಲಸಕ್ಕೆ ಇವನೇ ಬೇಕು ಎಂದು ಮಾಲೀಕ ಬರೆದು ಸಹಿ ಹಾಕಿದ ಕಾಗದ ಸರಕಾರಕ್ಕೆ ಹೋದರೆ ಗ್ರೀನ್ ಕಾರ್ಡಿನ ದಾರಿ. ಹೋಗದಿದ್ದರೆ ಮರಳುವ ದಾರಿ. ಆ ಕಾಗದ ಟೈಪಾಗಿ, ಹುಬ್ಬಳ್ಳಿ ಕಾಲೇಜಿನ ಅವನ ಡಿಗ್ರಿ ಸರ್ಟಿಫಿಕೇಟಿನ ಜೊತೆಗೆ, ಸ್ಟ್ಯಾನ್‌ನ ಮೇಜಿನ ಡ್ರಾಯರಿನಲ್ಲಿ ಆಗಸ್ಟಿನಿಂದ ಮಲಗಿತ್ತು. ಕೇಳಿದಾಗಲೆಲ್ಲ, "ಜಿಂಕೆ ಸೀಸನ್ ಮುಗಿಯಲಿ, ಶಿವ. ಅದಕ್ಕೆ ಮುಂಚೆ ನನ್ನ ತಲೆಗೆ ಏನೂ ಹೋಗುವುದಿಲ್ಲ," ಎನ್ನುತ್ತಿದ್ದ.

ಅಕ್ಟೋಬರಿನಲ್ಲಿ ಒಂದು ದಿನ ಸ್ಟ್ಯಾನ್ ತನ್ನ ಬೇಟೆಯ ರೈಫಲ್ ತಂದು ಬೆಂಚಿನ ಮೇಲಿಟ್ಟ. ಒಮ್ಮೆ ಹಾರಿಸಿದರೆ ಮುಂದಿನ ಗುಂಡನ್ನು ತಾನೇ ಎಳೆದುಕೊಂಡು ಸಿದ್ಧವಾಗುವಂಥದ್ದು. ಆದರೆ ಒಂದು ಒತ್ತಿಗೆ ಒಂದೇ ಗುಂಡು. ಅದರ ಟ್ರಿಗರ್ ಏಳು ಪೌಂಡು ಭಾರ, ಅದೂ ಮರಳಿನಲ್ಲಿ ಕಲ್ಲೆಳೆದ ಹಾಗೆ ತಡೆತಡೆದು ಬರುತ್ತಿತ್ತು. ಹೋದ ವರ್ಷ ಎಳೆಯುವಾಗ ನಳಿಗೆ ಅಲುಗಿ, ಗುಂಡು ಜಿಂಕೆಯ ಹೊಟ್ಟೆಗೆ ತಗುಲಿತ್ತು. ಸ್ಟ್ಯಾನ್ ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ನಡೆದರೂ ಅದು ಸಿಗಲಿಲ್ಲ. "ಅದು ಎಲ್ಲೋ ಪೊದೆಯಲ್ಲಿ ರಾತ್ರಿಯಿಡೀ ಒದ್ದಾಡಿ ಸತ್ತಿರುತ್ತದೆ," ಎಂದು ಅವನು ತಲೆ ತಗ್ಗಿಸಿ ಹೇಳಿದ್ದ. "ಈ ಟ್ರಿಗರ್ ಅನ್ನು ನಿನ್ನ ಗೇಜಿನ ಹಾಗೆ ಮಾಡಿಕೊಡು."

ಜೀವಕ್ಕೆ ಎಂದೂ ಕೈಯೆತ್ತದ ಮನೆತನ ಶಿವಬಸಪ್ಪನದು. ಎರಡು ದಿನ ಹೊಯ್ದಾಡಿದ. ಕೊನೆಗೆ, ಸಾಯುವ ಪ್ರಾಣಿ ಒದ್ದಾಡದೆ ಸಾಯುವುದಾದರೆ ಅದೂ ದಯೆಯೇ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಲ್ಲ. ಆದರೆ ಅವನು ಒಪ್ಪಿದ್ದು ಜಿಂಕೆಗಾಗಿ ಅಲ್ಲ, ಆ ಡ್ರಾಯರಿಗಾಗಿ; ಅದೂ ಅವನಿಗೆ ಗೊತ್ತಿತ್ತು. ಒಂದು ಷರತ್ತು ಹಾಕಿದ: ರೈಫಲ್ ಮನೆಗೆ ಬರಲಿ, ಗುಂಡು ಬರಬಾರದು.

ಹಾಗೆ ಅದು ಮಹಾನವಮಿಯ ಖಂಡೆ ಪೂಜೆಯ ದಿನ ಮನೆಯಲ್ಲೇ ಇತ್ತು. ಹೆಂಡತಿ ನೀಲಗಂಗಾ ಹೊಲಿಗೆ ಯಂತ್ರಕ್ಕೂ ಇವನ ಮೈಕ್ರೋಮೀಟರಿಗೂ ಕುಂಕುಮ ಹಚ್ಚಿ, ಅದರ ಮುಂದೆಯೂ ಒಂದು ಹೂವಿಟ್ಟು, "ಮನಿಗೆ ಬಂದಾಕಿ, ಬಿಟ್ರ ಬ್ಯಾಸರ ಮಾಡ್ಕೋತಾಳ," ಎಂದಿದ್ದಳು.

ಗುಂಡು ಹಾರಿಸಲು ಬಡಿಯುವ ಒಳಗಿನ ಹ್ಯಾಮರನ್ನು, ಟ್ರಿಗರ್ ಒತ್ತುವವರೆಗೆ, ಹಿಡಿದು ನಿಲ್ಲಿಸುವುದು ಒಂದು ಸಣ್ಣ ಕೊಕ್ಕೆ. ಆ ಕೊಕ್ಕೆಯ ಅಂಚಿನ ಮೇಲೆ ಎಲ್ಲವೂ ನಿಂತಿರುತ್ತದೆ. ಶಿವಬಸಪ್ಪ ಆ ಅಂಚನ್ನು ತಿಕ್ಕಿದ. ಒರಟು ಹೋಯಿತು. ಅಲ್ಲಿಗೆ ಬಿಡಬಹುದಿತ್ತು. ಅವನ ಕೈಗೆ ಬಿಡುವ ಅಭ್ಯಾಸವಿರಲಿಲ್ಲ, ಕನ್ನಡಿಯಾಗುವವರೆಗೂ ತಿಕ್ಕಿದ. ಏಳು ಪೌಂಡು ಮೂರಕ್ಕಿಳಿಯಿತು. ಬೆರಳಿಟ್ಟರೆ ಗಾಜಿನ ಕಡ್ಡಿ ಮುರಿದ ಹಾಗೆ ಟಿಕ್ಕೆನ್ನುತ್ತಿತ್ತು. ಗೇಜನ್ನು ಪರೀಕ್ಷಿಸುವ ಹಾಗೆಯೇ ಮೇಜಿನ ಮೇಲೆ ಮೆಲ್ಲಗೆ, ಮೆತ್ತಗೆ ನೂರು ಸಲ ಪರೀಕ್ಷಿಸಿದ. ಸ್ಟ್ಯಾನ್ ಕೈಗೆ ತೆಗೆದುಕೊಂಡವನೇ ಹತ್ತು ಸಲ ಖಾಲಿ ಒತ್ತಿ, ಮಗುವಿನ ಹಾಗೆ ನಕ್ಕಿದ್ದ. "ಭಾನುವಾರ ಶೂಟಿಂಗ್ ರೇಂಜಿಗೆ ಬಾ. ನೀನೇ ಮೊದಲು ಹಾರಿಸಬೇಕು."

"ಅದು ನಮಗೆ ಆಗುವುದಿಲ್ಲ, ಸ್ಟ್ಯಾನ್," ಎಂದಿದ್ದ ಶಿವಬಸಪ್ಪ. ಒಬ್ಬನೇ ಹೋಗಲು ಬೇಸರವಾಗಿ, ಶಾಪಿನಲ್ಲಿ ತುರ್ತು ಆರ್ಡರ್ ಬೇರೆ ಬಂದು, ಸ್ಟ್ಯಾನ್ ಕೂಡ ಹೋಗಿರಲಿಲ್ಲ.

ಈಗ ಮಂಜಿನ ಮೇಲೆ ಕೂತು ಶಿವಬಸಪ್ಪನಿಗೆ ಕಂಡದ್ದು ಇಷ್ಟು: ಮೆಲ್ಲಗೆ ಮುಟ್ಟಿದಾಗ ನಿಲ್ಲುವುದು, ಬಡಿತಕ್ಕೆ ನಿಲ್ಲಬೇಕಾಗಿಲ್ಲ. ಮೊದಲ ಗುಂಡು ಹಾರಿದೊಡನೆ, ಮುಂದಿನ ಗುಂಡನ್ನು ಒಳಗೆ ತಳ್ಳುವ ರೈಫಲ್ಲಿನ ಬೋಲ್ಟು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಬಡಿಯುತ್ತದೆ. ಆ ಬಡಿತಕ್ಕೆ ಕೊಕ್ಕೆ ಜಾರಿದರೆ ಎರಡನೆಯದೂ ಹಾರುತ್ತದೆ, ಮೂರನೆಯದೂ. ಅಷ್ಟರಲ್ಲಿ ನಳಿಗೆ ಎತ್ತ ತಿರುಗಿರುತ್ತದೋ ಯಾರಿಗೆ ಗೊತ್ತು. ಈ ಸಲ ಸ್ಟ್ಯಾನ್‌ನ ಜೊತೆಗೆ ಅವನ ಮಗಳು ಬಾರ್ಬರಾ ಹೊರಟಿದ್ದಳು, ನರ್ಸಿಂಗ್ ಓದುವ ಹುಡುಗಿ. ಕಣ್ಣು ಚುರುಕಾದ್ದರಿಂದ ಅವಳೇ ಮುಂದೆ ನಡೆಯುತ್ತಾಳೆ ಎಂದು ಸ್ಟ್ಯಾನ್ ಹೆಮ್ಮೆಯಿಂದ ಹೇಳಿಕೊಂಡಿದ್ದ.

ನೀಲಗಂಗಾ ಸದ್ದು ಕೇಳಿ ಬಾಗಿಲಿಗೆ ಬಂದಳು. "ಬಿದ್ರೇನ್ರೀ? ಎಲ್ಲೆರೆ ಪೆಟ್ಟಾತೇನು?"

"ನನಗ ಏನೂ ಆಗಿಲ್ಲ."

"ಮತ್ತ ಮಾರಿ ಯಾಕ ಹಂಗ ಮಾಡೀರಿ?"

ಒಳಗೆ ಹೋಗಿ, ಲಿಂಗಕ್ಕೆ ಮತ್ತೆ ನೀರೆರೆದು, ಕರಡಿಗೆಗೆ ದಾರ ಸುತ್ತಿ ಬಿಗಿಯಾಗಿ ಕಟ್ಟಿ, ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತಿದ್ದಂತೆಯೇ ಫೋನ್ ರಿಂಗಾಯಿತು. ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಜಯಸಿಂಹ. ಮೈಸೂರಿನವನು, ಮೋಟಾರು ಕಂಪನಿಯೊಂದರ ಟೆಕ್ನಿಕಲ್ ಸೆಂಟರಿನಲ್ಲಿ ಎಂಜಿನಿಯರ್. ಹವೆ ಕೆಟ್ಟ ದಿನ ನಾಲ್ಕು ಮನೆಗೆ ಫೋನ್ ಮಾಡಿ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಶಿವಬಸಪ್ಪನೋರೇ, ಇವತ್ತು ಡ್ರೈವ್ ಮಾಡ್ಬೇಡಿ. ಫ್ರೀವೇ ಮೇಲೆ ಕಾರುಗಳು ಉರುಳುಸೇವೆ ಮಾಡ್ತಿವೆ."

ಶಿವಬಸಪ್ಪ ಅವನಿಗೂ ಹೇಳಿದ.

"ಅಲ್ಲ ಕಣ್ರೀ, ಲೆಟರಿಗೆ ಸೈನ್ ಆಗಿದ್ಯಾ?"

"ಇನ್ನೂ ಇಲ್ರಿ."

"ಹಾಗಾದ್ರೆ ನಿಮ್ಮ ಬಾಯಿಗೆ ಬೀಗ ಹಾಕ್ಕೊಳ್ಳಿ ಸ್ವಾಮಿ. ನಾನೇ ಕೆಡಿಸಿದೆ ಅಂತ ಹೋಗಿ ನಿಂತ್ರೆ, ಇವನ ಕೈ ನಂಬೋ ಹಾಗಿಲ್ಲ ಅಂತ ಆಗತ್ತೆ. ಆ ಕೈಗೋಸ್ಕರ ತಾನೇ ಅವನು ಲೆಟರ್ ಬರೆಯೋದು? ಒಂದ್ ಕೆಲಸ ಮಾಡಿ. ಕೊನೇ ಸಲ ಎಣ್ಣೆ ಹಾಕ್ಕೊಡ್ತೀನಿ ಅಂತ ಗನ್ ಈಸ್ಕೊಳ್ಳಿ. ಏನೋ ಒಂದು ಮುರೀತು ಅನ್ನಿ. ಸೀಸನ್ ಮುಗಿಯೋವರ್ಗೂ ಇಟ್ಕೊಂಬಿಡಿ."

ಶಿವಬಸಪ್ಪನಿಗೆ ಉಸಿರು ಬಂತು. ಫೋನ್ ಇಟ್ಟಾಗ ನೀಲಗಂಗಾ ಕೇಳಿದಳು, "ಏನಂತ ಮೈಸೂರು ಸಿಂಹ?"

"ಎಣ್ಣಿ ಹಾಕ್ತೀನಿ ಅಂತ ಹೇಳಿ ಇಸ್ಕೋ ಅಂದ."

"ಹಾಕ್ರಿ. ನಿಮ್ಮ ತಲಿಗೂ ಒಂದ್ ಹನಿ ಹಾಕ್ಕೋರಿ." ಅವಳು ಊಟದ ಡಬ್ಬಿ ಮುಚ್ಚಿ ಅವನ ಕೈಗೆ ಕೊಟ್ಟಳು. ಬಾಗಿಲವರೆಗೆ ಬಂದು, "ಆ ಹುಡುಗಿ ಮುಂದ ನಡೀತಾಳ ಅಂದ್ರಲ್ಲ?" ಎಂದಳು. ಅವನು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ನಾಲ್ಕು ಮೈಲಿಗೆ ನಲವತ್ತು ನಿಮಿಷ ಹಿಡಿಯಿತು. ಸ್ಟ್ಯಾನ್ ಶಾಪಿನ ಹಿಂಭಾಗದಲ್ಲಿ ಟ್ರಕ್ಕಿಗೆ ಹಾಸಿಗೆ, ಸ್ಟೌವ್, ಆಲೂಗಡ್ಡೆ ಚೀಲ ತುಂಬುತ್ತಿದ್ದ. ಮಂಜು ಕರಗಿಸುವ ಉಪ್ಪಿನ ಲಾರಿಗಳು ರಸ್ತೆಗಿಳಿದ ಕೂಡಲೇ ಹೊರಡುವವನಿದ್ದ. ಬಾರ್ಬರಾ ಟ್ರಕ್ಕಿನೊಳಗೆ ಕೂತು ಡೋನಟ್ ತಿನ್ನುತ್ತ ಶಿವಬಸಪ್ಪನಿಗೆ ಕೈಬೀಸಿದಳು.

"ರೈಫಲ್ ಕೊಡು, ಸ್ಟ್ಯಾನ್. ಕೊನೆಯ ಸಲ ಎಣ್ಣೆ ಹಾಕಿಕೊಡುತ್ತೇನೆ."

"ಶಿವ, ಅದಕ್ಕೆ ಇನ್ನೂ ಎಣ್ಣೆ ಹಾಕಿದರೆ ಬೆಣ್ಣೆಯಾಗಿ ಕೈಯಿಂದ ಇಳಿದುಹೋಗುತ್ತದೆ." ಸ್ಟ್ಯಾನ್ ನಗುತ್ತ ಹಿಂದಿನ ಬಾಗಿಲು ಎತ್ತಿ ಬಡಿದ. ಆ ಸದ್ದಿಗೆ ಶಿವಬಸಪ್ಪ ಬೆಚ್ಚಿದ. "ನೀನು ಒಳಗೆ ಹೋಗು, ಚಳಿ. ಬಂದ ಮೇಲೆ ನಿನ್ನ ಕಾಗದದ ಕೆಲಸ ಮೊದಲು."

ಆ ಮಾತೊಂದನ್ನು ಸ್ಟ್ಯಾನ್ ಆಡದಿದ್ದರೆ ಚೆನ್ನಾಗಿತ್ತು. ಒಂದು ಕಡೆ ಕಾಗದ, ಒಂದು ಕಡೆ ಗಾಜಿನ ಹಿಂದೆ ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತಿರುವ ಹುಡುಗಿ. ಶಿವಬಸಪ್ಪನ ಎರಡೂ ಕಾಲು ಮಂಜಿಗೆ ಅಂಟಿಕೊಂಡವು. ಸ್ಟ್ಯಾನ್ ಕೀಲಿ ಹುಡುಕುತ್ತಿದ್ದ.

"ಅದು ಕೆಟ್ಟಿದೆ," ಎಂದ ಶಿವಬಸಪ್ಪ. "ನಾನೇ ಕೆಡಿಸಿದ್ದೇನೆ. ಬಡಿತಕ್ಕೆ ಕೊಕ್ಕೆ ನಿಲ್ಲುವುದಿಲ್ಲ. ಮಗಳನ್ನು ಮುಂದೆ ನಡೆಸಬೇಡ."

ಸ್ಟ್ಯಾನ್ ರೈಫಲ್ ತೆಗೆದುಕೊಂಡು ಒಳಗೆ ಬಂದ. ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡ. ಬೋಲ್ಟು ಎಳೆದು ಹ್ಯಾಮರನ್ನು ಸಿದ್ಧ ಮಾಡಿ, ಟ್ರಿಗರಿನಿಂದ ಬೆರಳನ್ನು ದೂರವಿಟ್ಟು, ಹಿಡಿಯನ್ನು ನೆಲದ ರಬ್ಬರಿನ ಮೇಲೆ ಒಮ್ಮೆ ಬಡಿದ. ಒಳಗೆ ಟಿಕ್ಕೆಂದಿತು. ಮತ್ತೆ ಸಿದ್ಧ ಮಾಡಿ ಮತ್ತೆ ಬಡಿದ. ಮತ್ತೆ ಟಿಕ್.

"ಯಾವಾಗ ಗೊತ್ತಾಯಿತು?"

"ಇವತ್ತು. ಏಳೂವರೆಗೆ."

"ಹೇಗೆ?"

ಶಿವಬಸಪ್ಪ ದಾರ ಕಟ್ಟಿದ ಕರಡಿಗೆಯನ್ನು ಹೊರಗೆ ತೆಗೆದು, ಬಿದ್ದದ್ದನ್ನು, ತೆರೆದದ್ದನ್ನು ಹೇಳಿದ. ಸ್ಟ್ಯಾನ್ ಅದನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿ, ಬಾಗಿ, ಕೊಂಡಿಯನ್ನು ಬಹಳ ಹೊತ್ತು ನೋಡಿದ.

"ಇದನ್ನೂ ನೀನೇ ತಿಕ್ಕಿದ್ದಾ?"

"ಅಲ್ಲ. ನಮ್ಮ ತಾಯಿ."

"ಮನೆಯವರೆಲ್ಲ ಹೀಗೆಯೋ," ಎಂದ ಸ್ಟ್ಯಾನ್. ನಗಲಿಲ್ಲ. "ರೇಂಜಿಗೆ ಬಾ ಎಂದಿದ್ದೆ. ಬಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಯಾಕೆ ಬರಲಿಲ್ಲ?"

ಶಿವಬಸಪ್ಪ ನಿಜವನ್ನೇ ಹೇಳಿದ. "ನನ್ನ ಕೈ ಶುದ್ಧವಾಗಿರಲಿ ಎಂದು."

ಸ್ಟ್ಯಾನ್ ಅವನ ಕೈಗಳನ್ನು ನೋಡಿದ. ಶಿವಬಸಪ್ಪನೂ ನೋಡಿಕೊಂಡ. ಬಿದ್ದಾಗ ತರಚಿ ಹಸ್ತದ ಮೇಲೆ ರಕ್ತ ಒಣಗಿತ್ತು.

ರೈಫಲ್ ಬೆಂಚಿನ ಮೇಲೆ ಉಳಿಯಿತು. ಸ್ಟ್ಯಾನ್ ತನ್ನ ಅಪ್ಪನ ಹಳೆಯ ಬಂದೂಕು ತರಲು ಮನೆಗೆ ಹೋದ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಎರಡನೇ ತಾರೀಕು ಬರುತ್ತೇನೆ," ಎಂದಷ್ಟೇ ಹೇಳಿದ.

ಆಮೇಲಿನ ಹದಿನೆಂಟು ದಿನಗಳನ್ನು ಶಿವಬಸಪ್ಪ ಕಳೆದನೆನ್ನುವುದಕ್ಕಿಂತ, ಆ ದಿನಗಳೇ ಅವನನ್ನು ಒಳಗಿಟ್ಟು ಚಿಲಕ ಹಾಕಿಕೊಂಡಿದ್ದವು. ಡ್ರಾಯರಿಗೆ ಬೀಗವಿರಲಿಲ್ಲ. ಸ್ಕ್ರೂಡ್ರೈವರ್ ಬೇಕಾದಾಗಲೆಲ್ಲ ಅದನ್ನೇ ತೆರೆಯಬೇಕಿತ್ತು. ತೆರೆದಾಗಲೆಲ್ಲ ಕಾಗದ ಕಾಣುತ್ತಿತ್ತು, ಕೆಳಗೆ ಸ್ಟ್ಯಾನ್‌ನ ಹೆಸರು, ಅದರ ಮೇಲೆ ಖಾಲಿ ಗೆರೆ. ಹೊರಡುವಂತಿಲ್ಲ, ಉಳಿಯುತ್ತೇನೆ ಎನ್ನುವಂತಿಲ್ಲ. ನೀಲಗಂಗಾ ಹೊಸ ಪರದೆ ಹೊಲಿಯಲು ಬಟ್ಟೆ ಕತ್ತರಿಸಿದ್ದಳು. ಅದನ್ನು ಹಾಗೇ ಮಡಿಸಿ ಎತ್ತಿಟ್ಟಳು. ಜಯಸಿಂಹ ಎರಡು ಸಲ ಫೋನ್ ಮಾಡಿ, ಬೈಯಲು ಬಾಯಿ ಬಾರದೆ ಹವೆಯ ಸುದ್ದಿ ಹೇಳಿ ಇಟ್ಟ.

ಶಿವಬಸಪ್ಪ ಹೊಸ ಕೊಕ್ಕೆ ತರಿಸಿದ. ಕಂದು ಕಾಗದದಲ್ಲಿ ಸುತ್ತಿ ಬಂದ ಅದು ಹಳೆಯದು ಮೊದಲಿದ್ದಷ್ಟೇ ಒರಟಾಗಿತ್ತು. ಜೀವಮಾನವಿಡೀ ಏನನ್ನು ತೆಗೆಯಬೇಕು ಎಂದು ಯೋಚಿಸಿದವನು, ಏನನ್ನು ಬಿಡಬೇಕು ಎಂದು ಮೊದಲ ಸಲ ಕೂತು ಯೋಚಿಸಿದ. ತಡೆಯುವ ಒರಟನ್ನು ಮಾತ್ರ ತೆಗೆದ. ಹಿಡಿಯುವ ಅಂಚನ್ನು ಮುಟ್ಟಲಿಲ್ಲ. ಕೈ ಇನ್ನೂ ನಾಲ್ಕು ಎಳೆತ ಕೇಳಿತು. ಕೈಗೆ ಸಾಕು ಎಂದ. ಆಮೇಲೆ ರಬ್ಬರಿನ ಸುತ್ತಿಗೆ ತೆಗೆದುಕೊಂಡು ಮೇಲಿಂದ, ಬದಿಯಿಂದ, ಹಿಂದಿನಿಂದ ದಿನವೂ ಬಡಿದ. ಅದು ಜಗ್ಗಲಿಲ್ಲ. ಸಂಜೆ ಮನೆಗೆ ಬಂದು ಕರಡಿಗೆಗೂ ಒಂದು ಹೊಸ ಕೊಂಡಿ ಕೂರಿಸಿದ. ಅದು ಟಕ್ಕೆಂದಿತು.

"ಸಪ್ಪಳ ಮಾಡ್ತದಲ್ರೀ," ಎಂದಳು ನೀಲಗಂಗಾ.

"ಮಾಡ್ಲಿ ಬಿಡು."

ಎರಡನೇ ತಾರೀಕು ಸ್ಟ್ಯಾನ್ ಬಂದ. ಅವನಿಗೆ ಏನೂ ಸಿಕ್ಕಿರಲಿಲ್ಲ. ಮಗಳಿಗೆ ಒಂದು ಸಿಕ್ಕಿತ್ತು. "ಒಂದೇ ಗುಂಡು. ಬಿದ್ದದ್ದು ಅದಕ್ಕೇ ಗೊತ್ತಾಗಲಿಲ್ಲ," ಎಂದ. ಬೆಂಚಿನ ಮೇಲಿದ್ದ ರೈಫಲ್ ಎತ್ತಿ ನೆಲಕ್ಕೆ ಬಡಿದ, ನಾಲ್ಕು ಸಲ. ಸದ್ದಿಲ್ಲ.

"ಗುಂಡು ಹಾಕಿ ನೋಡಿದೆಯಾ?"

"ಇಲ್ಲ."

"ಹಾಗಾದರೆ ಕೆಲಸ ಮುಗಿದಿಲ್ಲ. ಶನಿವಾರ ನನ್ನ ಕಸಿನ್‌ನ ಜಲ್ಲಿ ಹೊಂಡಕ್ಕೆ ಬಾ. ಮಾಡಿದವನೇ ಹಾರಿಸಬೇಕು. ಆಮೇಲೆ ನಾನು ತೆಗೆದುಕೊಳ್ಳುತ್ತೇನೆ." ಕಾಗದದ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಆದರೆ ಆ ಸಂಜೆ ಶಿವಬಸಪ್ಪ ಸ್ಕ್ರೂಡ್ರೈವರಿಗೆಂದು ಡ್ರಾಯರ್ ತೆರೆದಾಗ ಅಲ್ಲಿ ಕಾಗದವೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಹರಿದು ಎಸೆದನೋ ಏನೋ. ಕೇಳುವ ಬಾಯಿ ಇವನಿಗಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಪೂಜೆಯಿಂದ ಬೇಗ ಏಳಲಿಲ್ಲ. ನೀಲಗಂಗಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಹೋಗ್ರಿ. ಕಾಗದದ ತಟ್ಟಿಗೆ ಹೊಡ್ಯೂದು. ಕಾಗದಕ್ಕ ಏನ್ ಜೀವ ಐತಿ?" ಎಂದಳು. ಆಮೇಲೆ, "ಆ ಹುಡುಗಿಗೆ ಒಂದೆರಡು ರೊಟ್ಟಿ ಹೆಚ್ಚಿಗಿ ಇಟ್ಟೀನಿ," ಎಂದಳು.

ಹೊಂಡದಲ್ಲಿ ಹಿಮ ಮೊಣಕಾಲು ಮಟ್ಟವಿತ್ತು. ಸ್ಟ್ಯಾನ್ ಹಲಗೆಯೊಂದಕ್ಕೆ ಊಟದ ಕಾಗದದ ತಟ್ಟೆಯನ್ನು ಮೊಳೆ ಹೊಡೆದು ಕೂರಿಸಿ ಬಂದ. ಬಾರ್ಬರಾ ಟ್ರಕ್ಕಿನೊಳಗೇ ಇದ್ದಳು. ಸ್ಟ್ಯಾನ್ ಎರಡೇ ಗುಂಡು ತುಂಬಿ, ರೈಫಲ್ಲನ್ನು ಕೊಟ್ಟು, ಬಲಗಡೆ ಒಂದು ಹೆಜ್ಜೆ ಹಿಂದೆ ನಿಂತ.

ಶಿವಬಸಪ್ಪ ಮನಸ್ಸಿನಲ್ಲೇ ಐದಕ್ಷರ ಜಪಿಸಿ ಬೆರಳಿಟ್ಟ. ಒತ್ತಿದ. ಹಿಡಿಯು ನೋಯುತ್ತಿದ್ದ ಭುಜಕ್ಕೇ ಬಂದು ಗುದ್ದಿತು. ಹೊಂಡದ ಗೋಡೆಗಳಿಂದ ಸದ್ದು ಮರಳಿ ಬಂದು ಹೋಯಿತು. ಅವನು ಕಣ್ಣು ಮುಚ್ಚಿ ಎರಡನೆಯ ಸದ್ದಿಗೆ ಕಾದ. ಬರಲಿಲ್ಲ. ಒಂದು ಕಾಗೆ ಎಲ್ಲೋ ಕೂಗಿತು. ಅಷ್ಟು ದಿನ ಸುತ್ತಿಗೆಯಿಂದ ಬಡಿದರೂ ಇಳಿಯದಿದ್ದ ಭಾರ ಆ ಮೌನದಲ್ಲಿ ಸ್ವಲ್ಪ ಇಳಿಯಿತು. ಕಣ್ಣು ತೆರೆದು ಮತ್ತೆ ಒತ್ತಿದ. ಒಂದೇ ಸದ್ದು. ಸ್ಟ್ಯಾನ್ ಐದು ತುಂಬಿಕೊಟ್ಟ. ಐದು ಒತ್ತಿಗೆ ಐದು. ತಟ್ಟೆಗೆ ಒಂದೂ ತಗುಲಿರಲಿಲ್ಲ.

"ಜಿಂಕೆಗಳಿಗೆ ನಿನ್ನಿಂದ ಭಯವಿಲ್ಲ," ಎಂದ ಸ್ಟ್ಯಾನ್.

ಶಿವಬಸಪ್ಪ ಬೋಲ್ಟು ತೆರೆದು, ಖಾಲಿಯೆಂದು ತೋರಿಸಿ, ರೈಫಲ್ಲನ್ನು ಎರಡೂ ಕೈಯಲ್ಲಿ ಚಾಚಿದ. ಸ್ಟ್ಯಾನ್ ಒಮ್ಮೆ ಖಾಲಿ ಒತ್ತಿ ನೋಡಿದ.

"ಆಗಿನದಕ್ಕಿಂತ ಭಾರ."

"ಐದೂವರೆ ಪೌಂಡು. ತಡೆಯುವುದಿಲ್ಲ. ಅಂಚು ಪೂರ್ತಿ ಇದೆ."

"ಹೂಂ."

ಅವನು ರೈಫಲ್ಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಟ್ರಕ್ಕಿನ ಬಾಗಿಲು ತೆರೆದ. ಬಾರ್ಬರಾ ಆಗಲೇ ರೊಟ್ಟಿ ಮುರಿಯುತ್ತಿದ್ದಳು. ಸೀಟಿನ ಹಿಂದಿನಿಂದ ಸ್ಟ್ಯಾನ್ ಒಂದು ದೊಡ್ಡ ಲಕೋಟೆ ತೆಗೆದು, ಅದರ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, ಶಿವಬಸಪ್ಪನ ಕೈಗೆ ಕೊಟ್ಟ. ಒಳಗೆ ಹುಬ್ಬಳ್ಳಿಯ ಸರ್ಟಿಫಿಕೇಟು ಇತ್ತು, ಅದರ ಮೇಲೆ ಆ ಕಾಗದ. ಖಾಲಿ ಗೆರೆ ಖಾಲಿಯಾಗಿರಲಿಲ್ಲ.

"ಇದು ನಿನ್ನದು," ಎಂದು ಹೇಳಿ, ಸ್ಟ್ಯಾನ್ ಹಲಗೆ ತರಲು ಹಿಮದೊಳಗೆ ನಡೆದ.